ದನಕ್ಕೆ ಮದ್ದು, ಬೆಕ್ಕಿಗೆ ವಿಷ: ಮಲೆನಾಡಿನ ಉಣುಗಿನ ಔಷಧಿಯ ಚರಿತ್ರೆ

ಕಾಡಿನ ತರಗೆಲೆ ಒಣಗಿ ಕಾಲ ಕೆಳಗೆ ಸದ್ದು ಮಾಡುವ ಹೊತ್ತಿಗೆ ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ ಉಣುಗಿನ ಕಾಲ ಶುರುವಾಗುತ್ತದೆ. ಕೆಲವು ಕಡೆ ಉಣ್ಣೆ ಅನ್ನುತ್ತಾರೆ, ಕೆಲವು ಕಡೆ ಉಣ್ಣಿ. ಹೆಸರು ಯಾವುದಾದರೂ ಅದು ಕೂರುವ ಜಾಗ ಒಂದೇ: ದನದ ಕಿವಿಯೊಳಗೆ, ಕೆಚ್ಚಲ ಹತ್ತಿರ, ನಾಯಿಯ ಕಾಲ್ಬೆರಳ ಸಂದಿಯಲ್ಲಿ. ಆಗ ಕೊಟ್ಟಿಗೆಯ ಮಾಡಿಗೆ ಸಿಕ್ಕಿಸಿಟ್ಟ ಬಾಟಲಿ ಕೆಳಗಿಳಿಯುತ್ತದೆ. ದನಕ್ಕೆ ಬಳಿದು ಮಿಕ್ಕಿದ್ದು ನಾಯಿಗೆ. ನಾಯಿಗೆ ಹಾಕಿ ಮಿಕ್ಕಿದ್ದು ಬೆಕ್ಕಿಗೆ.

ಆ ಮೂರನೇ ಹೆಜ್ಜೆಯ ಬಗ್ಗೆ ನಾವು ಇಲ್ಲಿ ಬರೆಯುತ್ತಿದ್ದೇವೆ.

ಸಂಜೆ ಔಷಧಿ ಹಾಕಿರುತ್ತಾರೆ. ರಾತ್ರಿಯೋ ಮಾರನೇ ಬೆಳಿಗ್ಗೆಯೋ ಬೆಕ್ಕಿನ ಕಿವಿ ಪಟಪಟ ಅದುರುತ್ತದೆ, ಮುಖದ ಚರ್ಮ ಸೆಳೆಯುತ್ತದೆ, ಜೊಲ್ಲು ಸುರಿಯುತ್ತದೆ. ಆಮೇಲೆ ಇಡೀ ಮೈ ನಡುಕ, ನಡೆದರೆ ತೂರಾಟ, ಕೊನೆಗೆ ಫಿಟ್ಸ್. ಮನೆಯವರು ಹಾವು ಕಚ್ಚಿತು ಅಂದುಕೊಳ್ಳುತ್ತಾರೆ. ಪಾಷಾಣ ತಿಂದ ಇಲಿಯನ್ನು ತಿಂದಿರಬೇಕು ಅನ್ನುತ್ತಾರೆ. ಹುಚ್ಚು ಹಿಡಿಯಿತು ಅಂತ ದೂರ ಓಡಿಸುವವರೂ ಇದ್ದಾರೆ. ಹಿಂದಿನ ದಿನ ತಮ್ಮ ಕೈಯಾರೆ ಕತ್ತಿಗೆ ಬಿಟ್ಟ ನಾಲ್ಕು ಹನಿ ಯಾರ ನೆನಪಿಗೂ ಬರುವುದಿಲ್ಲ, ಯಾಕೆಂದರೆ ಅದು ಔಷಧಿ. ಔಷಧಿ ಯಾಕೆ ಕೊಂದೀತು?

ಇದಕ್ಕೆ ಉತ್ತರ ಹುಡುಕುತ್ತಾ ಹೋದರೆ ಸುಮಾರು 125 ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ. ರಕ್ತ ಹೀರುವ ಸಣ್ಣ ಜೀವಿಗಳ ಮೇಲೆ ಮನುಷ್ಯ ಹೂಡಿದ ಪ್ರತಿಯೊಂದು ಯುದ್ಧದಲ್ಲೂ ಬೆಕ್ಕು ಇದೆ. ಆದರೆ ಔಷಧಿಯ ಅಳತೆ ಹಾಕುವಾಗ ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ.

ಮೊದಲ ಯುದ್ಧ ಚಿಗಟದ್ದು. 1898ರಲ್ಲಿ ಪ್ಲೇಗು ಹುಬ್ಬಳ್ಳಿ ಕಡೆಯಿಂದ ರೈಲಿನ ದಾರಿ ಹಿಡಿದು ಬೆಂಗಳೂರಿಗೆ ಬಂತು, ಅಲ್ಲಿಂದ ಮೈಸೂರು ಸಂಸ್ಥಾನದಲ್ಲಿ ಹರಡಿತು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ಕಾಲ ಅದು. ಇಲಿಗೂ ಮನುಷ್ಯನಿಗೂ ನಡುವೆ ರೋಗ ದಾಟಿಸುವುದು ಯಾವುದು ಅಂತ ಆಗ ಗೊತ್ತಿರಲಿಲ್ಲ. ಅದೇ ವರ್ಷ ಜೂನ್‌ನಲ್ಲಿ ಕರಾಚಿಯಲ್ಲಿ ಪಾಲ್ ಲೂಯಿ ಸಿಮೋಂ ಎಂಬ ಫ್ರೆಂಚ್ ವೈದ್ಯ ಒಂದು ಗಾಜಿನ ಜಾಡಿಯಲ್ಲಿ ಪ್ಲೇಗು ಬಂದ ಇಲಿಯನ್ನೂ, ಅದಕ್ಕೆ ತಾಗದಂತೆ ಪಂಜರದಲ್ಲಿ ಆರೋಗ್ಯವಾದ ಇಲಿಯನ್ನೂ ಇಟ್ಟು ನೋಡಿದ. ಚಿಗಟ ಮಾತ್ರ ಹಾರಿ ದಾಟಬಹುದಾಗಿತ್ತು. ಎರಡನೇ ಇಲಿಯೂ ಪ್ಲೇಗಿನಿಂದ ಸತ್ತಿತು. ಆ ಪ್ರಯೋಗಕ್ಕೆ ಚಿಗಟ ಸಾಕಾಗಲಿಕ್ಕಿಲ್ಲ ಅಂತ ಅವನು ಒಂದು ಬೆಕ್ಕಿನ ಮೈಯಿಂದ ಚಿಗಟ ಹೆಕ್ಕಿ ಜಾಡಿಗೆ ಹಾಕಿದ್ದ. ಬೆಕ್ಕು ಈ ಚರಿತ್ರೆಗೆ ಬರುವುದು ಹೀಗೆ, ಚಿಗಟ ಸಾಲ ಕೊಟ್ಟು.

ಆಮೇಲೆ ಕೆಲವು ವರ್ಷ ಬೆಕ್ಕಿಗೆ ಒಳ್ಳೆಯ ಮರ್ಯಾದೆ ಸಿಕ್ಕಿತು. ಬೇರಾರ್ ಪ್ರಾಂತ್ಯದ ಕಡೆ ಕೆಲಸ ಮಾಡುತ್ತಿದ್ದ ಆಂಡ್ರ್ಯೂ ಬುಕಾನನ್ ಎಂಬ ಬ್ರಿಟಿಷ್ ವೈದ್ಯ, ಬೆಕ್ಕು ಹೆಚ್ಚಿರುವ ಊರಿನಲ್ಲಿ ಪ್ಲೇಗು ಕಡಿಮೆ, ಮನೆಗೊಂದು ಬೆಕ್ಕು ಸಾಕಿ ಎಂದು ವಾದಿಸಿದ. (1800ರ ಸುಮಾರಿಗೆ ನಮ್ಮ ಸೀಮೆಯನ್ನೆಲ್ಲ ಸುತ್ತಿ ಬರೆದ ಫ್ರಾನ್ಸಿಸ್ ಬುಕಾನನ್ ಬೇರೆ, ಈತ ಬೇರೆ.) ಬೆಕ್ಕಿಗೂ ಪ್ಲೇಗು ಬರುತ್ತದೆ ಅನ್ನುವುದು ನಿಜ, ಹಾಗಾಗಿ ಆ ಸಲಹೆ ಪೂರ್ತಿ ಸರಿ ಅಂತ ಹೇಳಲಾಗದು. ಆದರೆ ಗಮನಿಸಿ, ಆಗ ಚಿಗಟಕ್ಕೆ ಮನೆಯಲ್ಲಿದ್ದ ಮದ್ದು ಬೇವಿನ ಎಣ್ಣೆ, ಹೊಗೆ, ಸುಣ್ಣ, ಬಿಸಿಲು. ಬೆಕ್ಕು ಸಾಯುವಂಥದ್ದು ಗೋಡೆಯ ಮೇಲೆ ಇರಲಿಲ್ಲ.

ಅದು ಬಂದದ್ದು ಮಲೇರಿಯಾದ ಹಿಂದೆ. ಮಲೆನಾಡಿನ ಚಳಿಜ್ವರದ ಕಥೆ ನಿಮ್ಮ ಮನೆಯ ಹಿರಿಯರಿಗೆ ನಮಗಿಂತ ಚೆನ್ನಾಗಿ ಗೊತ್ತು. ಊರಿಗೆ ಊರೇ ಗುಳ್ಳೆದ್ದ ಹೊಟ್ಟೆ, ಕ್ವಿನೈನ್ ಕಹಿ, ಮದುವೆಗೆ ಹೆಣ್ಣು ಕೊಡಲು ಹಿಂಜರಿಯುವ ಬಯಲುಸೀಮೆಯವರು. 1939ರಲ್ಲಿ ಪಾಲ್ ಮ್ಯೂಲರ್ ಎಂಬ ಸ್ವಿಸ್ ವಿಜ್ಞಾನಿ ಡಿಡಿಟಿ ಕೀಟಗಳನ್ನು ಕೊಲ್ಲುತ್ತದೆ ಅಂತ ಕಂಡುಕೊಂಡ. 1948ರಲ್ಲಿ ಅವನಿಗೆ ನೊಬೆಲ್ ಬಂತು. ಅದರ ಮರುವರ್ಷವೇ ವಿಶ್ವ ಆರೋಗ್ಯ ಸಂಸ್ಥೆ ಭಾರತದಲ್ಲಿ ಕೆಲವೇ ಕಡೆ ಮಲೇರಿಯಾ ಪ್ರಾತ್ಯಕ್ಷಿಕೆ ತಂಡಗಳನ್ನು ಇಳಿಸಿತು. ಉತ್ತರದ ತೆರಾಯ್, ಒರಿಸ್ಸಾದ ಜೇಪುರ ಬೆಟ್ಟ, ಮಲಬಾರಿನ ಏರನಾಡು, ಮತ್ತೆ ನಮ್ಮ ಮಲೆನಾಡು. 1953ರಲ್ಲಿ ಅದು ದೇಶದ ಕಾರ್ಯಕ್ರಮವಾಯಿತು. ಬೆನ್ನಿಗೆ ಪಂಪು ಕಟ್ಟಿಕೊಂಡವರು ಮನೆಮನೆಗೆ ಬಂದು ಒಳಗೋಡೆಗೆಲ್ಲ ಬಿಳಿ ನೀರು ಹೊಡೆದು ಹೋಗುತ್ತಿದ್ದರು.

ಇದರ ಲಾಭವನ್ನು ಸಣ್ಣದು ಮಾಡಿ ಹೇಳಬಾರದು. ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನರಿಗೆ ಮಲೇರಿಯಾ, ಸುಮಾರು 8 ಲಕ್ಷ ಸಾವು ಎಂಬ ಅಂದಾಜು ಇದ್ದ ಜಾಗದಲ್ಲಿ 1965ರ ಹೊತ್ತಿಗೆ ಪ್ರಕರಣ ಒಂದು ಲಕ್ಷದ ಆಸುಪಾಸಿಗೆ ಇಳಿಯಿತು. ಇವತ್ತು ಮಲೆನಾಡಿನಲ್ಲಿ ಜನ ತುಂಬಿದ್ದರೆ ಅದರಲ್ಲಿ ಡಿಡಿಟಿಯ ಪಾಲೂ ಇದೆ.

ಆದರೆ ಜಗತ್ತಿನ ಹಲವೆಡೆ ಒಂದೇ ದೂರು ಬಂತು. ಡಿಡಿಟಿ ಹೊಡೆದ ಮನೆಗಳಲ್ಲಿ ಬೆಕ್ಕು ಸಾಯುತ್ತಿವೆ. ಇದರಲ್ಲಿ ಪ್ರಸಿದ್ಧವಾದದ್ದು ಬೋರ್ನಿಯೋ ದ್ವೀಪದ ಸರವಾಕ್ ಕಥೆ. ಬೆಕ್ಕು ಸತ್ತು ಇಲಿ ಹೆಚ್ಚಿದ ಊರಿಗೆ 1960ರಲ್ಲಿ ಬ್ರಿಟಿಷ್ ವಾಯುಪಡೆಯ ವಿಮಾನದಿಂದ ಪ್ಯಾರಾಚೂಟಿನಲ್ಲಿ ಬೆಕ್ಕು ಇಳಿಸಿದರು. ನೀವು ಇದನ್ನು ಪಠ್ಯದಲ್ಲೋ ಭಾಷಣದಲ್ಲೋ ಕೇಳಿದ್ದರೆ ಬೆಕ್ಕಿನ ಸಂಖ್ಯೆ 14,000 ಅಂತ ಕೇಳಿರಬಹುದು. ಅದು ಬಾಯಿಂದ ಬಾಯಿಗೆ ಬೆಳೆದ ಸಂಖ್ಯೆ. ವಾಯುಪಡೆಯ ದಾಖಲೆಯಲ್ಲಿ ಇರುವುದು ಇಪ್ಪತ್ತು ಚಿಲ್ಲರೆ ಬೆಕ್ಕು ಮಾತ್ರ. ಹಾಗೆಯೇ ಕೀಟ ತಿಂದ ಹಲ್ಲಿ, ಹಲ್ಲಿ ತಿಂದ ಬೆಕ್ಕು ಅಂತ ಒಂದು ಸರಪಳಿಯನ್ನೂ ಹೇಳುತ್ತಾರೆ. ಅಷ್ಟು ದೂರ ಹೋಗಬೇಕಾಗಿಯೇ ಇಲ್ಲ. ಬೆಕ್ಕು ಗೋಡೆಗೆ ಮೈ ತಿಕ್ಕುತ್ತದೆ, ಆಮೇಲೆ ಕೂತು ಮೈ ನೆಕ್ಕುತ್ತದೆ. ನಾಯಿ ಇಷ್ಟು ನೆಕ್ಕುವುದಿಲ್ಲ, ದನದ ನಾಲಿಗೆ ಇಷ್ಟು ಕಡೆ ಹೋಗುವುದಿಲ್ಲ, ಮನುಷ್ಯ ಗೋಡೆ ನೆಕ್ಕುವುದೇ ಇಲ್ಲ. ಮನುಷ್ಯನಿಗೆ ಅಪಾಯವಿಲ್ಲ ಎಂದು ಲೆಕ್ಕ ಹಾಕಿದ ಗೋಡೆ ಬೆಕ್ಕಿಗೆ ಊಟದ ತಟ್ಟೆಯಾಯಿತು.

ಈ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದಿನ ಕಥೆಯಲ್ಲಿ ಇದು ಮತ್ತೆ ಬೇಕಾಗುತ್ತದೆ.

ಈಗ ನಮ್ಮ ಸ್ವಂತ ಉಣುಗಿಗೆ ಬರೋಣ. 1957ರ ಬೇಸಿಗೆಯಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು. ಸುತ್ತಲ ಊರಿನ ಜನರಿಗೆ ಜ್ವರ, ಮೈಕೈ ನೋವು, ಕೆಲವರಿಗೆ ರಕ್ತಸ್ರಾವ. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ವಿಜ್ಞಾನಿಗಳು ಬಂದರು. ಮಂಗ ಸಾಯುವುದು, ಜನರಿಗೆ ಜ್ವರ ಬರುವುದು ನೋಡಿ ಅವರಿಗೆ ಮೊದಲು ಬಂದ ಭಯ ಆಫ್ರಿಕಾ, ಅಮೆರಿಕಾಗಳ ಹಳದಿ ಜ್ವರದ್ದು. ಏಷ್ಯಾಕ್ಕೆ ಅದು ಕಾಲಿಟ್ಟರೆ ಗತಿ ಏನು ಅಂತ ದೊಡ್ಡ ಗಾಬರಿ ಇತ್ತು. ಆದರೆ ಸತ್ತ ಮಂಗದ ಮೈಯಿಂದಲೂ ಉಣುಗಿನಿಂದಲೂ ಸಿಕ್ಕ ವೈರಸ್ ಬೇರೆಯೇ ಆಗಿತ್ತು. ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳುಜ್ವರದ ದಾಯಾದಿ. ಅದಕ್ಕೆ ಊರಿನ ಹೆಸರೇ ಬಂತು, ಕ್ಯಾಸನೂರು ಕಾಡಿನ ಕಾಯಿಲೆ. ನಾವೆಲ್ಲ ಕರೆಯುವುದು ಮಂಗನ ಕಾಯಿಲೆ ಅಂತ. ಪಾಪ, ಮಂಗ ನಮ್ಮ ಹಾಗೇ ಅದಕ್ಕೆ ಬಲಿಯಾಗುವ ಪ್ರಾಣಿ, ಹೆಸರು ಮಾತ್ರ ಅದರ ತಲೆಗೆ ಬಂತು.

ಇಲ್ಲಿ ಒಂದು ವಿಷಯ ನಮ್ಮ ಹಳ್ಳಿಗಳಲ್ಲಿ ಇನ್ನೂ ಸರಿಯಾಗಿ ಮಾತಾಗಿಲ್ಲ ಅನ್ನಿಸುತ್ತದೆ. ಈ ಉಣುಗಿನ ಮರಿಗಳು ಇಲಿ, ಮೂಗಿಲಿ, ಮಂಗ, ಮನುಷ್ಯನ ಮೇಲೆ ಹತ್ತುತ್ತವೆ. ದೊಡ್ಡದಾದ ಉಣುಗಿಗೆ ದೊಡ್ಡ ಮೈ ಬೇಕು. ಕಾಡು ಕಡಿದು, ಅಂಚಿನಲ್ಲಿ ದನ ಮೇಯಲು ಬಿಟ್ಟಾಗ ಆ ದೊಡ್ಡ ಮೈ ಧಾರಾಳವಾಗಿ ಸಿಕ್ಕಿತು. ಹೋರ್ಹೆ ಬೊಶೆಲ್ ಎಂಬ ಕೊಲಂಬಿಯಾ ದೇಶದ ವಿಜ್ಞಾನಿ ಇದನ್ನು 1969ರಲ್ಲೇ ಬರೆದರು. ದನಕ್ಕೆ ಈ ಕಾಯಿಲೆ ಬರುವುದಿಲ್ಲ, ಆದರೆ ಉಣುಗಿನ ಸಂತಾನ ಬೆಳೆಯುವುದು ದನದ ರಕ್ತದಲ್ಲಿ. ಆದ್ದರಿಂದ ಮಂಗನ ಕಾಯಿಲೆಯ ವಿರುದ್ಧದ ಕೆಲಸ ಅಂದರೆ ಬಹುಪಾಲು ಉಣುಗಿನ ವಿರುದ್ಧದ ಕೆಲಸ, ಮತ್ತು ಅದು ಕೊಟ್ಟಿಗೆಗೂ ಬರಲೇಬೇಕಿತ್ತು.

ಹಾಗೆ ನಮ್ಮ ಜಿಲ್ಲೆಗೆ ಒಂದರ ಹಿಂದೆ ಒಂದು ರಾಸಾಯನಿಕ ಬಂತು. ಮಂಗ ಸತ್ತ ಜಾಗದ ಸುತ್ತ ಪುಡಿ. ಮೊದಲು ಬಿಎಚ್‌ಸಿ, ಅದೇ ನಮ್ಮ ಮನೆಗಳ ಗಮಾಕ್ಸಿನ್ ಪುಡಿ. ಆಮೇಲೆ ಮೆಲಾಥಿಯಾನ್, ಸತ್ತ ಜಾಗದಿಂದ 50 ಅಡಿ ಸುತ್ತಳತೆಗೆ. ಕಾಡಿಗೆ ಹೋಗುವವರ ಕೈಕಾಲಿಗೆ ಡಿಎಂಪಿ ಎಣ್ಣೆ, ಈಚೆಗೆ ರಕ್ಷಣಾ ಇಲಾಖೆಯ ಗ್ವಾಲಿಯರ್ ಪ್ರಯೋಗಾಲಯ ರೂಪಿಸಿದ ಡೀಪಾ ಎಣ್ಣೆ. ದನದ ಮೈಗೆ ಬಳಿಯುವ, ಚುಚ್ಚುವ ಔಷಧಿಗಳು. ಲಸಿಕೆಯೂ ಇತ್ತು, ಅದರ ಬಲ ಸಾಲದು ಎಂದು 2022ರಲ್ಲಿ ನಿಲ್ಲಿಸಿದರು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಕಾಯಿಲೆ ಬಂದು ಜನ ಸತ್ತಾಗ ಇಡೀ ಜಿಲ್ಲೆ ನಡುಗಿದ್ದು ನಮಗೆಲ್ಲ ನೆನಪಿದೆ. ಲಸಿಕೆ ಹೋದ ಮೇಲೆ ಉಳಿದದ್ದು ಎಣ್ಣೆ ಮತ್ತು ಉಣುಗಿನ ಔಷಧಿ. ಉಣುಗು ಕಂಡರೆ ಬಾಟಲಿಗೆ ಕೈ ಹೋಗುವ ನಮ್ಮ ಅಭ್ಯಾಸಕ್ಕೆ ಇಂಥ ಹೆದರಿಕೆಯ ಹಿನ್ನೆಲೆ ಇದೆ. ಅದನ್ನು ಅಜ್ಞಾನ ಅಂತ ತಳ್ಳಿಹಾಕುವವರ ಜೊತೆ ನಾವಿಲ್ಲ.

ಗಮಾಕ್ಸಿನ್ 1997ರಲ್ಲಿ ನಿಷೇಧವಾಯಿತು. ಅದರ ಜಾಗಕ್ಕೆ, ಇನ್ನೂ ಹಲವು ಹಳೆಯ ವಿಷಗಳ ಜಾಗಕ್ಕೆ, ಹೊಸದೊಂದು ಕುಟುಂಬ ಆಗಲೇ ಬಂದು ಕೂತಿತ್ತು. ಇದರ ಮೂಲ ಒಂದು ಹೂವು. ಸೇವಂತಿಗೆ ಜಾತಿಯ ಬಿಳಿ ಹೂವನ್ನು ಒಣಗಿಸಿ ಪುಡಿ ಮಾಡಿದರೆ ಕೀಟ ಸಾಯುತ್ತದೆ ಅನ್ನುವುದು ಹಳೆಯ ಜ್ಞಾನ. ಪೈರೆಥ್ರಮ್ ಅಂತ ಅದರ ಹೆಸರು. ಬಿಸಿಲಿಗೆ ಬೇಗ ಕೆಡುತ್ತದೆ ಅನ್ನುವುದೊಂದೇ ತೊಂದರೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮೈಕಲ್ ಎಲಿಯಟ್ ಮತ್ತು ಸಂಗಡಿಗರು ಆ ಹೂವಿನ ಸಾರವನ್ನು ನಕಲು ಮಾಡಿ, ಬಿಸಿಲಿಗೂ ಕೆಡದ ಪರ್ಮೆಥ್ರಿನ್ ಅನ್ನು 1973ರಲ್ಲಿ ಪ್ರಕಟಿಸಿದರು. ಮರುವರ್ಷ ಡೆಲ್ಟಾಮೆಥ್ರಿನ್. ಆಮೇಲೆ ಸೈಪರ್‌ಮೆಥ್ರಿನ್, ಫ್ಲುಮೆಥ್ರಿನ್. ಹೆಸರಿನ ಕೊನೆಗೆ ‘ಥ್ರಿನ್’ ಬರುವುದು ಈ ಮನೆತನದ ಗುರುತು. ಇವತ್ತು ಭತ್ತದ ಗದ್ದೆಗೆ, ದನದ ಉಣುಗಿಗೆ, ನಾಯಿಯ ಕೊರಳಿಗೆ, ಸೊಳ್ಳೆಪರದೆಗೆ, ಗೋಡೆಗೆ, ಎಲ್ಲದಕ್ಕೂ ಇದೇ ಮನೆತನ. ಭದ್ರಾವತಿ ಸುತ್ತಲಿನ ಯಾವ ಗೊಬ್ಬರದ ಅಂಗಡಿಯಲ್ಲಿ ಕೇಳಿದರೂ ಒಂದಲ್ಲ ಒಂದು ಸಿಗುತ್ತದೆ.

ಇದು ಗೆದ್ದದ್ದು ಒಂದೇ ಕಾರಣಕ್ಕೆ: ಕೀಟಕ್ಕೆ ಕಾಲಕೂಟ, ದೊಡ್ಡ ಪ್ರಾಣಿಗೆ ಸೌಮ್ಯ. ಕೀಟದ ನರದಲ್ಲಿ ಸೋಡಿಯಂ ಹೋಗಿಬರುವ ಬಾಗಿಲನ್ನು ಇದು ತೆರೆದೇ ಇಡುತ್ತದೆ. ನರ ನಿಲ್ಲದೆ ಮಿಡಿದು ಮಿಡಿದು ಕೀಟ ಸಾಯುತ್ತದೆ. ದನ, ನಾಯಿ, ಮನುಷ್ಯನ ಯಕೃತ್ತು ಇದನ್ನು ಬೇಗ ಒಡೆದು ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಹಾಗಾದರೆ ಬೆಕ್ಕು?

ಬೆಕ್ಕಿನ ಯಕೃತ್ತು ನಮ್ಮದರಂತಲ್ಲ. ಅನೇಕ ವಿಷಗಳನ್ನು ಹೊರಗೆ ಹಾಕುವ ಮುಂಚೆ ಯಕೃತ್ತು ಅವಕ್ಕೆ ಸಕ್ಕರೆಯಿಂದ ಹುಟ್ಟಿದ ಒಂದು ಆಮ್ಲವನ್ನು ಅಂಟಿಸುತ್ತದೆ, ಆಗ ಅವು ನೀರಿನಲ್ಲಿ ಕರಗುತ್ತವೆ. ಈ ಅಂಟಿಸುವ ಕೆಲಸ ಬೆಕ್ಕಿನಲ್ಲಿ ಬಹಳ ದುರ್ಬಲ. ಅದಕ್ಕೆ ಬೇಕಾದ ಒಂದು ಮುಖ್ಯ ಜೀನ್ ಬೆಕ್ಕಿನಲ್ಲಿ ಕೆಟ್ಟು ಕೂತಿದೆ ಅಂತ ಅಮೆರಿಕಾದ ಇಬ್ಬರು ಸಂಶೋಧಕರು 2000ದಲ್ಲಿ ತೋರಿಸಿದರು. ಮನೆಯ ಬೆಕ್ಕಿಗೆ ಮಾತ್ರವಲ್ಲ, ಚಿರತೆ, ಸಿಂಹಗಳಂಥ ಅದರ ನೆಂಟರಿಗೂ ಹೀಗೆಯೇ. ಬರೀ ಮಾಂಸ ತಿನ್ನುವ ಪ್ರಾಣಿಗೆ ಗಿಡಗಳ ವಿಷ ಕಳೆಯುವ ಕೆಲಸ ಬೇಕಾಗಲಿಲ್ಲ, ಹಾಗಾಗಿ ಅದು ತುಕ್ಕು ಹಿಡಿಯಿತು ಅನ್ನುವುದು ಊಹೆ. ಇದೇ ಕಾರಣಕ್ಕೆ ನಾವು ತಲೆನೋವಿಗೆ ನುಂಗುವ ಒಂದು ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಇದೇ ಕಾರಣಕ್ಕೆ ಫಿನಾಲ್ ಜಾತಿಯ ಎಲ್ಲವೂ ಅದಕ್ಕೆ ಅಪಾಯ. 1923ರಲ್ಲಿ ಕೆಲಸ ಶುರುಮಾಡಿದ ಭದ್ರಾವತಿಯ ಕಾರ್ಖಾನೆ ಕಬ್ಬಿಣದ ಜೊತೆಗೆ ಮರವನ್ನು ಬಟ್ಟಿ ಇಳಿಸಿ ಡಾಂಬರನ್ನೂ ತೆಗೆಯುತ್ತಿತ್ತು. ಅಂಥ ಮರದ ಡಾಂಬರನ್ನು ಜಗತ್ತಿನ ಹಲವೆಡೆ ಕುದುರೆ, ದನಗಳ ಗಾಯಕ್ಕೆ ಹಚ್ಚುತ್ತಿದ್ದರು. ಕುದುರೆಗೆ ಹಚ್ಚಿದರೆ ಗಾಯ ಮಾಗುತ್ತದೆ, ಬೆಕ್ಕಿಗೆ ಹಚ್ಚಿದರೆ ಅದು ನೆಕ್ಕಿ ಸಾಯುತ್ತದೆ. ಗಿಡಮೂಲಿಕೆ, ಹೂವಿನ ಸಾರ, ಸುವಾಸನೆಯ ಎಣ್ಣೆ ಅಂದಾಕ್ಷಣ ನಿರಪಾಯ ಅಂದುಕೊಳ್ಳುವವರು ಈ ಮಾತನ್ನು ಎರಡು ಸಲ ಓದಲಿ. ತಂಬಾಕಿನ ನೀರು ಸಹ ಈ ಪಟ್ಟಿಯಲ್ಲಿದೆ.

ನಾಯಿಗೆಂದು ಮಾಡಿದ, ಕತ್ತಿಗೆ ಬಿಡುವ ಹನಿಗಳು ಬಂದ ಮೇಲೆ ವಿದೇಶಗಳಲ್ಲಿ ಈ ತೊಂದರೆ ದೊಡ್ಡದಾಗಿ ಬಯಲಾಯಿತು. ಅವುಗಳಲ್ಲಿ ಕೆಲವದರಲ್ಲಿ ಪರ್ಮೆಥ್ರಿನ್ ಅರ್ಧಕ್ಕರ್ಧ, ಅಂದರೆ ಶೇ. 45ರಿಂದ 65ರಷ್ಟು ಇರುತ್ತದೆ. ಲಂಡನ್ನಿನ ಪಶು ವಿಷ ಮಾಹಿತಿ ಕೇಂದ್ರಕ್ಕೆ ಬಂದ 286 ಬೆಕ್ಕುಗಳ ವಿವರ 2007ರಲ್ಲಿ ಪ್ರಕಟವಾಯಿತು. ಬಹುತೇಕ ಎಲ್ಲಕ್ಕೂ ನಡುಕ, ಸೆಳೆತ ಬಂದಿತ್ತು, ಸುಮಾರು ಹತ್ತರಲ್ಲಿ ಒಂದು ಉಳಿಯಲಿಲ್ಲ. ಅಮೆರಿಕಾದ ಪರಿಸರ ಸಂರಕ್ಷಣಾ ಸಂಸ್ಥೆಗೆ 2008ರ ಒಂದೇ ವರ್ಷದಲ್ಲಿ ಇಂಥ ಹನಿಗಳ ಬಗ್ಗೆ ನಾಯಿ, ಬೆಕ್ಕು ಸೇರಿ 44,000ಕ್ಕೂ ಹೆಚ್ಚು ದೂರು ಬಂತು. ಅದರಲ್ಲಿ ಹೆಚ್ಚಿನವು ತುರಿಕೆ, ಕೂದಲು ಉದುರುವುದು, ಚರ್ಮ ಕೆಂಪಾಗುವುದು, ಅಂದರೆ ಸಣ್ಣ ತೊಂದರೆ. ದೊಡ್ಡ ತೊಂದರೆಯ ಮುಖ್ಯ ಕಾರಣಗಳಲ್ಲಿ ಒಂದು, ನಾಯಿಯದನ್ನು ಬೆಕ್ಕಿಗೆ ಹಾಕಿದ್ದು. ನಾಯಿಗೆ ಸರಿಯಾಗಿಯೇ ಹಾಕಿ, ಆ ರಾತ್ರಿ ಬೆಕ್ಕು ನಾಯಿಯ ಮೈಗೆ ಅಂಟಿ ಮಲಗಿದ್ದೂ ಇತ್ತು. ಗೋಡೆಯ ಡಿಡಿಟಿಯ ಕಥೆಯೇ ಮತ್ತೆ ಬಂತು ನೋಡಿ, ಈ ಸಲ ಗೋಡೆಯ ಬದಲು ನಾಯಿ.

ಹೊಸ ಔಷಧಿಗಳೂ ಪೂರ್ತಿ ನಿರ್ದೋಷಿಗಳಲ್ಲ. ಫಿಪ್ರೋನಿಲ್, ಸೆಲಾಮೆಕ್ಟಿನ್‌ನಂಥವು ಬೆಕ್ಕಿನ ಅಳತೆಯಲ್ಲಿ ಸಿಗುತ್ತವೆ, ಸಾಮಾನ್ಯವಾಗಿ ಒಗ್ಗುತ್ತವೆ. ಹನಿ ಬಿಟ್ಟ ಜಾಗದಲ್ಲಿ ಕೂದಲು ಉದುರಬಹುದು, ನೆಕ್ಕಿದರೆ ಕಹಿಗೆ ಜೊಲ್ಲು ಸುರಿಸಬಹುದು. ಐಸಾಕ್ಸಜೋಲಿನ್ ಎಂಬ ಇತ್ತೀಚಿನ ಗುಂಪಿನ ಬಗ್ಗೆ ಅಮೆರಿಕಾದ ಔಷಧ ಆಡಳಿತ 2018ರಲ್ಲಿ ಎಚ್ಚರಿಕೆ ಹೊರಡಿಸಿತು: ಹೆಚ್ಚಿನ ಪ್ರಾಣಿಗಳಿಗೆ ತೊಂದರೆ ಇಲ್ಲ, ಕೆಲವಕ್ಕೆ ನಡುಕ, ಫಿಟ್ಸ್ ಬರಬಹುದು. ಹಿಂದೆ ಫಿಟ್ಸ್ ಬಂದ ಬೆಕ್ಕಿಗೆ ಡಾಕ್ಟರ್ ಕೇಳದೆ ಹಾಕಬಾರದು. ದೇಹದಿಂದ ದೇಹಕ್ಕೆ ಫರಕು ಅನ್ನುವುದು ಬೆಕ್ಕಿಗೆ ಮಾತ್ರ ಸೀಮಿತವೂ ಅಲ್ಲ. ದನಕ್ಕೆ ಚುಚ್ಚುವ ಐವರ್‌ಮೆಕ್ಟಿನ್ ಕಾಲಿ ಜಾತಿಯ ನಾಯಿಯ ಮಿದುಳಿಗೆ ನುಗ್ಗುತ್ತದೆ. ಫಿಪ್ರೋನಿಲ್ ಮೊಲವನ್ನು ಕೊಲ್ಲುತ್ತದೆ.

ನಮ್ಮ ಊರುಗಳಲ್ಲಿ ಇದಕ್ಕೆ ಲೆಕ್ಕವೇ ಇಲ್ಲ. ಲೆಕ್ಕ ಇರುವುದಾದರೂ ಹೇಗೆ? 2019ರ ಇಪ್ಪತ್ತನೇ ಜಾನುವಾರು ಗಣತಿಯಲ್ಲಿ ದನ, ಎಮ್ಮೆ, ಕುರಿ, ಕೋಳಿ ಎಣಿಸಿದರು, ನಾಯಿ ಎಣಿಸಿದರು, ಮೊಲವನ್ನೂ ಆನೆಯನ್ನೂ ಎಣಿಸಿದರು. ಬೆಕ್ಕನ್ನು ಎಣಿಸಲಿಲ್ಲ. ಎಷ್ಟಿವೆ ಅಂತಲೇ ಗೊತ್ತಿಲ್ಲದ ಪ್ರಾಣಿ ಎಷ್ಟು ಸತ್ತಿತು ಅಂತ ಬರೆದಿಡುವವರು ಯಾರು? ಅಡಿಕೆ ಮೂಟೆಗೆ, ಭತ್ತದ ಪಣತಕ್ಕೆ ಇಲಿ ಬಾರದ ಹಾಗೆ ಕಾಯುವ ಜೀವ ಅದು, ಆದರೆ ಹಾಲು ಕೊಡುವುದಿಲ್ಲ, ಮಾರಾಟಕ್ಕಿಲ್ಲ, ಸತ್ತರೆ ತೆಂಗಿನ ಬುಡಕ್ಕೆ. ಹಾಗಾಗಿ ಬಾಟಲಿಯ ಮೇಲೆ ‘ಬೆಕ್ಕಿಗೆ ಬಳಸಬೇಡಿ’ ಎಂಬ ಸಾಲು ಇದ್ದರೂ ಅದು ಇರುವೆಯಷ್ಟು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ. ಕನ್ನಡದಲ್ಲಿ, ಮೇಲ್ಭಾಗದಲ್ಲಿ, ಬೆಕ್ಕಿನ ಚಿತ್ರಕ್ಕೆ ಅಡ್ಡಗೆರೆ ಎಳೆದು ಹಾಕಲು ಎಷ್ಟು ಖರ್ಚಾಗುತ್ತದೆ ಅಂತ ನಾವು ಕೇಳುತ್ತೇವೆ.

ಅಲ್ಲಿಯವರೆಗೆ ನಿಮ್ಮ ಕೈಯಲ್ಲಿ ಆಗುವುದಿಷ್ಟು. ಬಾಟಲಿಯಲ್ಲಿ ‘ಥ್ರಿನ್’ ಕಂಡರೆ ಅದು ಬೆಕ್ಕಿನಿಂದ ದೂರ ಇರಲಿ. ಪಶುವೈದ್ಯರು ಬೆಕ್ಕಿಗೆಂದೇ ಬರೆದುಕೊಟ್ಟ ಕೊರಳಪಟ್ಟಿಯ ಮಾತು ಬೇರೆ, ಕೆಲವದರಲ್ಲಿ ಫ್ಲುಮೆಥ್ರಿನ್ ಬಹಳ ನಿಧಾನವಾಗಿ ಬಿಡುವ ಹಾಗೆ ಮಾಡಿರುತ್ತಾರೆ. ನಾಯಿಗೆ, ದನಕ್ಕೆ ಹಾಕಿದ ದಿನ ಅವುಗಳ ಮೈ ಪೂರ್ತಿ ಒಣಗುವ ತನಕ, ಸಾಧ್ಯವಾದರೆ ಎರಡು ಮೂರು ದಿನ, ಬೆಕ್ಕನ್ನು ಬೇರೆ ಇಡಿ. ಬೆಕ್ಕಿನ ಮೈಯಲ್ಲಿ ಒಂದೆರಡೇ ಉಣುಗು ಇದ್ದರೆ ಕೈಗೆ ಪ್ಲಾಸ್ಟಿಕ್ ಸುತ್ತಿಕೊಂಡು ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆದು ತೆಗೆಯಿರಿ. ಉಣುಗನ್ನು ಬರಿಗೈಯಲ್ಲಿ ಹಿಸುಕಬೇಡಿ, ನಮ್ಮ ಜಿಲ್ಲೆಯಲ್ಲಂತೂ ಬೇಡವೇ ಬೇಡ.

ಹಾಕಿಯೇ ಆಗಿದ್ದರೆ, ನಡುಕ ಬರಲಿ ಅಂತ ಕಾಯಬಾರದು. ಉಗುರುಬೆಚ್ಚನೆ ನೀರು, ಪಾತ್ರೆ ತೊಳೆಯುವ ಸೌಮ್ಯ ಸೋಪಿನ ದ್ರವ ಹಾಕಿ ಆ ಜಾಗವನ್ನು ಚೆನ್ನಾಗಿ ತೊಳೆಯಿರಿ. ಬಿಸಿನೀರು ಬೇಡ, ಅದರಿಂದ ವಿಷ ಚರ್ಮದೊಳಗೆ ಬೇಗ ಇಳಿಯುತ್ತದೆ. ತಣ್ಣೀರೂ ಬೇಡ, ಮೈ ತಣ್ಣಗಾದರೆ ನಡುಕ ಹೆಚ್ಚುತ್ತದೆ. ಒರೆಸಿ, ಬಟ್ಟೆಯಲ್ಲಿ ಸುತ್ತಿ, ಕತ್ತಲೆಯ ಶಾಂತ ಜಾಗದಲ್ಲಿಡಿ. ಬಾಯಿಗೆ ಹಾಲು, ಎಣ್ಣೆ, ಉಪ್ಪುನೀರು ಏನೂ ಹಾಕಬೇಡಿ, ಫಿಟ್ಸ್ ಬರುವ ಪ್ರಾಣಿಯ ಶ್ವಾಸಕ್ಕೆ ಅದು ಇಳಿದುಬಿಡುತ್ತದೆ. ಈ ವಿಷಕ್ಕೆ ಎದುರುಮದ್ದು ಎಂಬುದಿಲ್ಲ. ಆದರೆ ಸ್ನಾಯು ಸಡಿಲಿಸುವ ಔಷಧಿ, ಫಿಟ್ಸ್ ತಡೆಯುವ ಚುಚ್ಚುಮದ್ದು, ಡ್ರಿಪ್ ಕೊಟ್ಟು ನೋಡಿಕೊಂಡರೆ ಹೆಚ್ಚಿನ ಬೆಕ್ಕುಗಳು ಕೆಲವು ದಿನಗಳಲ್ಲಿ ಎದ್ದು ನಿಲ್ಲುತ್ತವೆ. ಮೆಲಾಥಿಯಾನ್‌ನಂಥ ವಿಷಕ್ಕೆ ಕೊಡುವ ಚಿಕಿತ್ಸೆ ಬೇರೆ, ಇದಕ್ಕೆ ಬೇರೆ. ಅದಕ್ಕೇ ಆಸ್ಪತ್ರೆಗೆ ಹೋಗುವಾಗ ಬೆಕ್ಕಿನ ಜೊತೆ ಬಾಟಲಿಯನ್ನೂ ತೆಗೆದುಕೊಂಡು ಹೋಗಬೇಕು, ಖಾಲಿಯಾಗಿದ್ದರೂ ಸರಿ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ತಾಲ್ಲೂಕುಗಳಲ್ಲಿ ಪಶು ಆಸ್ಪತ್ರೆಗಳಿವೆ. ಹತ್ತಿರ ಯಾವುದೂ ಇಲ್ಲದಿದ್ದರೆ ಪಶುಸಂಜೀವಿನಿಯ ಸಂಖ್ಯೆ 1962. ಫೋನಿನಲ್ಲಿ ಮೊದಲು ಹೇಳಬೇಕಾದದ್ದು ಮೂರು ಮಾತು: ಏನು ಹಾಕಿದಿರಿ, ಎಷ್ಟು ಹಾಕಿದಿರಿ, ಎಷ್ಟು ಹೊತ್ತಾಯಿತು.